ಹತ್ತು ನಿಮಿಷ ತಲೆ ಬಾಗದೆ

ಕೂಡಿಸುವ ಗುರುತು, ಕಪ್ಪಿನ ನಡುವೆ ಬಿಳಿ, ಕಣ್ಣಿನ ಮೇಲೆ ಓರೆಯಾಗಿ ಕೂರಿಸಿದ ಪುಟ್ಟ ಕನ್ನಡಿಯಲ್ಲಿ ತೇಲುತ್ತಿದೆ, ಅದನ್ನೇ ನೋಡುತ್ತಿರಬೇಕು, ನಿದ್ದೆ ಮಾಡಬಾರದು, ಯಾವುದನ್ನೂ ಹಿಡಿದುಕೊಂಡು ಯೋಚಿಸಬಾರದು, ತಲೆ ಅಲುಗಿಸಬಾರದು — ಇಷ್ಟೇ, ಹತ್ತು ನಿಮಿಷ, ಇಷ್ಟನ್ನು ಮಕ್ಕಳೂ ಮಾಡುತ್ತಾರೆ ಎಂದು ನರುಮಿ ಕಾಜಿತಾನಿ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡದ್ದೂ ಯೋಚನೆಯೇ ಆಯಿತಲ್ಲ ಎಂದು ಬೆಚ್ಚಿದಳು, ಬೆಚ್ಚಿದ್ದೂ ಚಿತ್ರದಲ್ಲಿ ಬೀಳುತ್ತದೋ ಏನೋ, ಬಿದ್ದರೆ ಒಳ್ಳೆಯದೋ ಕೆಟ್ಟದ್ದೋ. ಮೆದುಳಿನ ಸ್ಕ್ಯಾನಿಂಗ್ ಯಂತ್ರ ಬಡಿಯುತ್ತಿದೆ, ಡಗಡಗಡಗ, ರಸ್ತೆ ಅಗೆಯುವವರು ಹಾಸಿಗೆಯ ಅಡಿಗೇ ಬಂದು ಅಗೆಯುತ್ತಿರುವ ಹಾಗೆ, ಕಿವಿಯೊಳಗೆ ಬಿರಡೆ, ಅದರ ಮೇಲೆ ಹೆಡ್‌ಫೋನು, ಹೆಡ್‌ಫೋನು ಏರಿದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು, ಮಲಗಿದ್ದರೂ ನೆಟ್ಟಗಾಯಿತು, ಹತ್ತೊಂಬತ್ತು ವರ್ಷದ ಚಾಳಿ. ಮೆದುಳು ಸುಮ್ಮನಿರೋದೇ ಇಲ್ಲ ಕಾಜಿತಾನಿಯವ್ರೇ, ಅಂದಿದ್ದರು ಡಾಕ್ಟರ್ ಸೆನೊ, ನೀವು ಏನೂ ಮಾಡದೆ ಮಲಗಿದ್ರೂ ಒಳಗೆ ಒಂದು ಮೂಲೆ ಕೂಗುತ್ತೆ, ಇನ್ನೊಂದು ಓಗೊಡುತ್ತೆ, ಒಂದು ಕೇರಿ ಇದ್ದ ಹಾಗೆ ಅಂದ್ಕೊಳ್ಳಿ, ಯಾರ ಮನೆಗೆ ಯಾರ ಮನೆ ಜೊತೆ ಬಳಕೆ ಜಾಸ್ತಿ, ಯಾರ ಬಾಗಿಲು ಮುಚ್ಚಿಕೊಂಡಿದೆ, ಅದೆಲ್ಲ ಚಿತ್ರದಲ್ಲಿ ಕಾಣುತ್ತೆ, ಖಿನ್ನತೆ ಇರೋರ ಕೇರಿ ಸ್ವಲ್ಪ ಬೇರೆ ಥರ, ಅಷ್ಟೇ ನಾವು ನೋಡೋದು. ಅವರ ಮಾತಿಗೆ ಅವಳು ತಲೆ ಬಾಗಿದ್ದಳು, ಅರ್ಥವಾಯಿತು ಎಂದಲ್ಲ, ಇಷ್ಟು ಹೊತ್ತು ವಿವರಿಸಿದರಲ್ಲ ಪಾಪ ಎಂದು. ಕೇರಿಯಲ್ಲಿ ಒಂದೂ ದೀಪ ಹಚ್ಚಿಲ್ಲದಿದ್ದರೆ? ಅಥವಾ ಎಲ್ಲ ಮನೆಯಲ್ಲೂ ದೀಪವಿದ್ದು, ಬಳಕೆ ಬಾಯ್ತುಂಬ ನಡೆಯುತ್ತಿದ್ದು, ನಿಮಗೇನೂ ಆಗಿಲ್ಲ ಕಾಜಿತಾನಿಯವ್ರೇ ಎಂದುಬಿಟ್ಟರೆ — ಅದೇ ಭಯ, ಕಾಯಿಲೆ ಇದೆ ಎನ್ನುವುದಲ್ಲ, ಇಲ್ಲ ಎನ್ನುವುದು. ಇಲ್ಲ ಎಂದರೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆಫೀಸಿನ ಆ ಕುರ್ಚಿ, ಆ ಹೆಡ್‌ಫೋನು, ಮೂರು ತಿಂಗಳು ರಜೆ ಹಾಕಿ ಮಲಗಿದ್ದೆಲ್ಲ ಬರೀ ಸೋಮಾರಿತನ ಎಂದಾಯಿತು.

ರಜೆ ಮುಂದುವರಿಯಬೇಕಾದರೆ ಶುಕ್ರವಾರದೊಳಗೆ ಕಂಪನಿಗೆ ವೈದ್ಯರ ಪತ್ರ ಹೋಗಬೇಕು, ಇವತ್ತು ಬುಧವಾರ. ಕಂಪನಿಯದೇ ಒಬ್ಬ ಡಾಕ್ಟರಿದ್ದಾರೆ, ಅವರು ಪ್ರಶ್ನೆಪಟ್ಟಿ ತಿರುವಿ ಹಾಕಿ, ಎಲ್ಲಕ್ಕೂ ಒಮ್ಮೊಮ್ಮೆ ಅಂತಲೇ ಗುರುತು ಮಾಡಿದ್ದೀರಿ, ನಿದ್ದೆ ಒಮ್ಮೊಮ್ಮೆ ಬರಲ್ಲ, ಊಟ ಒಮ್ಮೊಮ್ಮೆ ಸೇರಲ್ಲ, ಒಮ್ಮೊಮ್ಮೆ ಯಾರಿಗಾಗಲ್ಲ ಹೇಳಿ, ಬರಬಹುದಲ್ಲ ಕೆಲಸಕ್ಕೆ, ಎಂದು ನಕ್ಕಿದ್ದರು, ಅವಳೂ ನಕ್ಕಿದ್ದಳು. ಯಾವಾಗಲೂ ಎನ್ನುವ ಚೌಕದಲ್ಲಿ ಗುರುತು ಹಾಕಲು ಪೆನ್ನು ಹೋಗಿತ್ತು, ನಿಜಕ್ಕೂ ಹೋಗಿತ್ತು, ಆದರೆ ಯಾವಾಗಲೂ ಎಂದರೆ ಓದುವವರಿಗೆ ಎಷ್ಟು ಭಾರ, ಎಷ್ಟು ಅಬ್ಬರ, ಒಮ್ಮೊಮ್ಮೆ ಎಂದರೆ ಯಾರಿಗೂ ತೊಂದರೆಯಿಲ್ಲ. ಡಾಕ್ಟರ್ ಸೆನೊ ನಗಲಿಲ್ಲ, ಎಂಟು ಸಲ ಹೋಗಿದ್ದಾಳೆ ಅವರಲ್ಲಿಗೆ, ಎಂಟು ಸಲವೂ ಬೆಳಗ್ಗೆ ಹೇಗಿರುತ್ತೆ ಎಂದು ಕೇಳಿದರು, ಎಂಟು ಸಲವೂ ಪರವಾಗಿಲ್ಲ ಡಾಕ್ಟ್ರೇ ಎಂದಳು, ಎಂಟನೆಯ ಸಲ ಅವರು ಕನ್ನಡಕ ತೆಗೆದು ಒರೆಸುತ್ತ, ಒಂದು ಸ್ಕ್ಯಾನಿಂಗ್ ಮಾಡಿಸೋಣ, ಅದೊಂದರಿಂದಲೇ ಏನೂ ತೀರ್ಮಾನ ಆಗಲ್ಲ, ಆದ್ರೂ ಒಂದು ಊರುಗೋಲು ಅಂತ, ಎಂದರು. ನಾಗೋಯಾಕ್ಕೆ ವರ್ಗವಾಗಿ ಒಬ್ಬನೇ ಇರುವ ಗಂಡ ಫೋನಿನಲ್ಲಿ, ಮೆದುಳಿನ ಫೋಟೋನಾ, ಭೇಷ್, ಅದರಲ್ಲಿ ಬಂದ್ರೆ ನಾನೂ ನಂಬ್ತೀನಿ ಬಿಡು, ಎಂದ, ತಮಾಷೆಗೇ ಎಂದ, ಅವನ ತಮಾಷೆಗೆ ನಗುವವಳು ಅವಳೊಬ್ಬಳೇ, ನಕ್ಕಳು. ಮಗಳು ಕೋಹರು ಮಾತ್ರ, ಹದಿನಾಲ್ಕು ವರ್ಷ, ಇವತ್ತು ಬೆಳಗ್ಗೆ ಶಾಲೆಯ ಸಾಕ್ಸ್ ಏರಿಸುತ್ತ ತಲೆ ಎತ್ತದೆ, ಅಮ್ಮಾ, ಆ ಚಿತ್ರದಲ್ಲಿ ನಾನೂ ಬೀಳ್ತೀನಾ, ಎಂದಳು. ಅಯ್ಯೋ ಇಲ್ಲ ಕಣೆ, ನೀನೆಲ್ಲಿ ಬೀಳ್ತೀಯ. ಹೌದಾ, ಎಂದಳು ಮಗಳು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು, ಈಗೀಗ ಆ ಮನೆಯಲ್ಲಿ ಎಲ್ಲವೂ ಮೆಲ್ಲಗೆ — ಮೆಲ್ಲಗೆ, ಕಿರುಬೆರಳು ಮೊದಲು, ಮಗಳ ತಣ್ಣನೆಯ ಬೆರಳು ಅವಳ ಕಿರುಬೆರಳನ್ನು ಮರದ ಸಟ್ಟುಗದಿಂದ ಬಿಡಿಸುತ್ತಿದೆ — ಬೇಡ, ಇದು ಬೇಡ, ಗುರುತು ನೋಡು, ಬಿಳಿ ಗುರುತು, ಕೂಡಿಸುವ ಗುರುತು.

ಡಗಡಗ ನಿಂತಿತು, ಕಿವಿಯಲ್ಲಿ ಹುಡುಗಿಯ ದನಿ, ಸ್ಕ್ಯಾನಿಂಗ್ ಮಾಡುವ ಇನೊಗುಚಿ, ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಓದಿದ್ದಳು, ಕ್ಷಮಿಸಿ ಕಾಜಿತಾನಿಯವ್ರೇ, ಚಿತ್ರ ಕದಡಿಹೋಗಿದೆ, ಐದನೇ ನಿಮಿಷದಲ್ಲಿ ಜೋರಾಗಿ ತಲೆ ಆಡಿಸಿಬಿಟ್ರಿ, ಎಂದಳು. ಐದನೇ ನಿಮಿಷದಲ್ಲಿ ಏನಾಗಿತ್ತು, ನೆನಪಾಯಿತು, ಅರ್ಧ ಆಯ್ತು, ಕಷ್ಟ ಕೊಡ್ತಿದೀವಿ, ಕ್ಷಮಿಸಿ, ಎಂದು ಇದೇ ದನಿ ಇದೇ ಕಿವಿಯಲ್ಲಿ ಹೇಳಿತ್ತು, ಅವಳು ಮಲಗಿದ್ದಲ್ಲೇ ಬಾಗಿದ್ದಳು, ಗಲ್ಲ ಎದೆಗೆ ತಾಗುವ ಹಾಗೆ, ಇಲ್ಲ ಇಲ್ಲ ಕ್ಷಮೆ ನಾನು ಕೇಳಬೇಕು ಎಂದು ಮೈಯೇ ಹೇಳಿತ್ತು, ಅವಳನ್ನು ಕೇಳದೆ. ಈಗಲೂ, ಕದಡಿಹೋಗಿದೆ ಎಂದು ಆ ಹುಡುಗಿ ಹೇಳುವಾಗಲೂ, ಬಾಗಿದಳು. ಹತ್ತೊಂಬತ್ತು ವರ್ಷ ಗೀಸರ್ ಕಂಪನಿಯಲ್ಲಿ ಫೋನಿನಲ್ಲಿ ದೂರು ಕೇಳುವ ವಿಭಾಗ, ಸ್ನಾನದ ನೀರು ಕಾಯ್ತಿಲ್ಲ, ಮಗು ತಲೆಗೆ ಹಾಕಿದ ಸೋಪು ಹಾಗೇ ಇದೆ ಏನ್ ಮಾಡ್ಲಿ, ನಿಮ್ಮ ಯಂತ್ರ ನಾಯಿಯ ಹಾಗೆ ಕೂಗುತ್ತೆ, ನಿಮ್ಮ ಕಂಪನಿಯವರೆಲ್ಲ ಸತ್ತೋಗ್ರೀ. ಕಾಣದವರಿಗೆ ಬಾಗಿ ಏನು ಪ್ರಯೋಜನ ಎಂದು ಸೇರಿದ ವಾರ ಅವಳು ಕೇಳಿದ್ದಳು, ವಿಭಾಗದ ಮುಖ್ಯಸ್ಥ ಹಿಗಾಕಿ ಮೇಜಿನ ಮೇಲಿನ ಕೈಗನ್ನಡಿಯನ್ನು ಅವಳ ಕಡೆಗೆ ತಿರುಗಿಸಿಟ್ಟರು, ಎಲ್ಲರ ಮೇಜಿನ ಮೇಲೂ ಒಂದು ಕನ್ನಡಿ, ಬೆನ್ನು ಬಾಗಿದ್ರೆ ದನಿಯೂ ಬಾಗುತ್ತೆ ಕಣಮ್ಮ, ಗಿರಾಕಿಗೆ ಅದು ಕೇಳ್ಸುತ್ತೆ, ಬಾಗಿದೀಯೋ ಇಲ್ವೋ ನೀನೇ ನೋಡ್ಕೊ, ಎಂದರು. ಕೇಳಿಸುತ್ತಿತ್ತು, ನಿಜ, ಬಾಗಿದರೆ ಬೈಗುಳ ಒಂದು ಮೆಟ್ಟಿಲು ಇಳಿಯುತ್ತಿತ್ತು. ದಿನಕ್ಕೆ ಎಪ್ಪತ್ತು, ಎಂಬತ್ತು, ಚಳಿಗಾಲದಲ್ಲಿ ನೂರು, ಬಾಗು, ನೆಟ್ಟಗಾಗು, ಬಾಗು. ಮನೆಗೆ ಬಂದು ಮೀನಿನ ಅಂಗಡಿಯವನ ಫೋನಿಗೂ ಬಾಗಿದಳು, ಟ್ರಾಮಿನಲ್ಲಿ ಬಾಗಿಲು ಮುಚ್ಚುತ್ತಿದೆ ಜಾಗ್ರತೆ ಎನ್ನುವ ಧ್ವನಿಮುದ್ರಣಕ್ಕೂ ಒಮ್ಮೆ ಬಾಗಿದಳು, ಪಕ್ಕದಲ್ಲಿ ನಿಂತ ಕೋಹರು ನಕ್ಕು ನಕ್ಕು ಸುಸ್ತಾಗಿದ್ದಳು, ಆಗ ಅವಳಿಗೆ ಆರು ವರ್ಷ, ಅಮ್ಮ ರೈಲಿಗೆ ಸಾರಿ ಕೇಳಿದ್ಳು, ಅಮ್ಮ ರೈಲಿಗೆ ಸಾರಿ ಕೇಳಿದ್ಳು.

ಎರಡನೆಯ ಸಲ ಇನೊಗುಚಿ ಒಳಗೇ ಬಂದಳು, ರಬ್ಬರ್ ಚಪ್ಪಲಿಯ ಚರಚರ, ತಲೆಯ ಎರಡೂ ಕಡೆ ದಿಂಬಿನ ತುಂಡು ತುರುಕಿ, ಹಣೆಗೆ ಅಡ್ಡಲಾಗಿ ಒಂದು ಅಂಟುಪಟ್ಟಿ ಹಚ್ಚಿದಳು, ಕಟ್ಟಿ ಹಾಕ್ತಿಲ್ಲ ಅಮ್ಮ, ಹೆದರ್ಬೇಡಿ, ತಲೆ ಅಲುಗಿದ್ರೆ ಚರ್ಮ ಎಳೆಯುತ್ತೆ, ನಿಮಗೇ ಗೊತ್ತಾಗ್ಲಿ ಅಂತ. ತೊಂದ್ರೆ ಕೊಟ್ಟೆ, ಎಂದಳು ನರುಮಿ. ನೋಡಿ ನೋಡಿ, ಎಳೀತಲ್ಲ, ಎಂದು ಹುಡುಗಿ ನಕ್ಕಳು, ಒಳ್ಳೆಯ ಹುಡುಗಿ, ಕಣ್ಣಿನ ಕೆಳಗೆ ಕಪ್ಪು, ಇವಳೂ ಮಲಗುವುದಿಲ್ಲ. ಮತ್ತೆ ಡಗಡಗ, ಮತ್ತೆ ಗುರುತು. ಈ ಸಲ ಮಾಡಿಯೇ ತೀರುತ್ತೇನೆ, ಏನೂ ಯೋಚಿಸದೆ ಇರುವುದನ್ನು ಚೆನ್ನಾಗಿ ಮಾಡುತ್ತೇನೆ, ಹಿಗಾಕಿಯವರು ನೋಡಿದರೂ ಮೆಚ್ಚುವ ಹಾಗೆ ವಿಶ್ರಾಂತಿ ತೆಗೆದುಕೊಳ್ಳುತ್ತೇನೆ — ನಿನ್ನೆ ಅಂಗಾತ ಮಲಗಿ ಚಾವಣಿಯ ಮೇಲೆ ಒಂದು ಚುಕ್ಕೆ ಹಿಡಿದು ಅಭ್ಯಾಸವನ್ನೂ ಮಾಡಿದ್ದಳು, ಗಡಿಯಾರ ಇಟ್ಟುಕೊಂಡು, ಸುಮ್ಮನಿರುವ ಅಭ್ಯಾಸ, ಮೂರು ಸಲ ಹತ್ತತ್ತು ನಿಮಿಷ, ಮುಗಿಸಿದಾಗ ಬೆವರಿಳಿದಿತ್ತು. ಯಾರಾದರೂ ಕಾಯಿಲೆ ತೋರಿಸುವ ಪರೀಕ್ಷೆಗೆ ಓದಿಕೊಂಡು ಹೋಗುತ್ತಾರೆಯೇ, ಓದಿಕೊಂಡು ಹೋದವಳಿಗೆ ಕಾಯಿಲೆ ಇರುತ್ತದೆಯೇ. ಅಪ್ಪ ಇದ್ದಿದ್ದರೆ, ದಣಿವು ಯಾರಿಗಿಲ್ಲ, ದಣಿದೋರೆಲ್ಲ ಮಲಗಿದ್ರೆ ದೋಣಿ ಬಿಡೋರು ಯಾರು, ಎನ್ನುತ್ತಿದ್ದ. ದಣಿವಲ್ಲ ಅಪ್ಪ ಇದು. ದಣಿವಾದರೆ ಮಲಗಿದರೆ ಹೋಗುತ್ತದೆ, ಇದು ಮಲಗಿದಲ್ಲೇ ಬೆಳೆಯುತ್ತದೆ, ಹಾಸಿಗೆ ಎತ್ತದೆ ಬಿಟ್ಟರೆ ಅಡಿಯಲ್ಲಿ ಚಾಪೆಗೆ ಬೂಷ್ಟು ಹಿಡಿಯುತ್ತದಲ್ಲ, ಹಾಗೆ, ಸದ್ದಿಲ್ಲದೆ, ಹಸಿರಾಗಿ. ಉಂಗುರದ ಬೆರಳು, ಆಮೇಲೆ ಮಧ್ಯದ್ದು, ಒಂದೊಂದೂ ಮೊಳೆ ಕಿತ್ತ ಹಾಗೆ, ಅನ್ನ ಒಣಗಿ ಸಟ್ಟುಗಕ್ಕೂ ಅಂಗೈಗೂ ಅಂಟಿಕೊಂಡಿತ್ತು, ಬಿಡಿಸುವಾಗ ಮಗಳು ಏನೋ ಹೇಳುತ್ತಿದ್ದಳು, ಪ್ರತಿ ಬೆರಳಿಗೂ ಅದನ್ನೇ — ಗುರುತು ನೋಡು. ಗುರುತು. ಕಾಯಿಸ್ತಿದೀನಿ, ಎಂಟು ನಿಮಿಷ ಆಯ್ತು, ಇನ್ನೆರಡೇ, ಕ್ಷಮಿಸಿ, ಎಂದಿತು ಕಿವಿ. ಹಣೆಯ ಚರ್ಮ ಚುರ್ರೆಂದು ಎಳೆಯಿತು. ಬಾಗಿಬಿಟ್ಟಿದ್ದಳು.

ಇನೊಗುಚಿ ಹಾಸಿಗೆಯನ್ನು ಹೊರಕ್ಕೆ ಎಳೆದು, ಸೊಂಟದ ಮೇಲೆ ಕೈ ಇಟ್ಟು ನಿಂತು ಅವಳನ್ನೇ ನೋಡಿದಳು, ಆಮೇಲೆ ತನ್ನ ಹಣೆ ತಾನೇ ಬಡಿದುಕೊಂಡಳು. ನಂದೇ ತಪ್ಪು ಅಮ್ಮ, ನಾನು ಕ್ಷಮಿಸಿ ಅಂದಾಗಲೆಲ್ಲ ನೀವು ಬಾಗ್ತಿದೀರಿ, ಎರಡು ಸಲವೂ ಅಲ್ಲೇ ಕದಡಿರೋದು, ನಾನು ಅನ್ನೋದು, ನೀವು ಬಾಗೋದು, ಇದು ಸಂಜೆವರೆಗೂ ಮುಗಿಯಲ್ಲ. ನರುಮಿಗೆ ನಾಚಿಕೆಯಲ್ಲಿ ಮುಖ ಬಿಸಿಯಾಯಿತು, ಕ್ಷಮಿಸಿ ಎನ್ನಲು ಬಾಯಿ ತೆರೆದಳು, ಹುಡುಗಿ ಬೆರಳೆತ್ತಿ, ಊಹೂಂ, ಎಂದಳು, ಹೆತ್ತ ಮಗುವಿಗೆ ಗದರುವ ಹಾಗೆ. ಈ ಕೋಣೇಲಿ ಇನ್ನು ಹತ್ತು ನಿಮಿಷ ಯಾರೂ ಯಾರಿಗೂ ಸಾರಿ ಕೇಳಂಗಿಲ್ಲ, ನಾನು ಬಾಯಿ ಹೊಲ್ಕೊಂಡಿರ್ತೀನಿ, ಸತ್ರೂ ಮಾತಾಡಲ್ಲ, ಹನ್ನೊಂದೂವರೆಗೆ ಇನ್ನೊಬ್ಬರು ಬರ್ತಾರೆ, ಈ ಸಲ ತಪ್ಪಿದ್ರೆ ಮುಂದಿನ ಸರದಿ ಡಿಸೆಂಬರ್ ಕೊನೆಗೇ ಸಿಗೋದು. ಡಿಸೆಂಬರ್ ಕೊನೆ. ಶುಕ್ರವಾರ. ಸೋಮವಾರ ಒಂಬತ್ತು ಗಂಟೆ. ಗೊತ್ತಾಯ್ತಾ, ಎಂದಳು ಹುಡುಗಿ. ಗೊತ್ತಾಯ್ತು, ಎಂದಳು ನರುಮಿ, ತಲೆಯಾಡಿಸದೆ, ಕಣ್ಣಿನಿಂದ.

ಈಗ ಕಿವಿಯಲ್ಲಿ ಯಾರೂ ಇಲ್ಲ. ಡಗಡಗ ಇದೆ, ಆದರೆ ಅದಕ್ಕೆ ಬಾಗಬೇಕಾಗಿಲ್ಲ, ಅದು ಯಾರ ಮೇಲೂ ಸಿಟ್ಟಾಗಿಲ್ಲ, ಅದಕ್ಕೆ ಸ್ನಾನದ ನೀರು ಬೇಕಾಗಿಲ್ಲ. ಒಂದು ನಿಮಿಷ ಆಗಿರಬಹುದು, ಎರಡು, ಬಡಿತದ ವರಸೆ ಬದಲಾಯಿತು, ಟಕ್ ಟಕ್ ಟಕ್, ಬಿಡಿಬಿಡಿಯಾಗಿ, ಎಲ್ಲಿ ಕೇಳಿದ್ದೇನೆ ಇದನ್ನು — ಅಜ್ಜಿಯ ದ್ವೀಪ, ನವೆಂಬರಿನ ಬೆಳಗು, ತಗಡಿನ ಕೊಟ್ಟಿಗೆಯಲ್ಲಿ ಸಾಲಾಗಿ ಕೂತ ಹೆಂಗಸರು, ಗುಡ್ಡೆಗುಡ್ಡೆ ಸಿಂಪಿ, ಕೈಯಲ್ಲಿ ಚಿಪ್ಪು ಬಿಡಿಸುವ ಗಿಡ್ಡ ಕಬ್ಬಿಣದ ಉಳಿ, ಕೋಳಿಮೊಟ್ಟೆಯ ಗಾತ್ರದ ಬಿಳಿಯ ಮಾಂಸ ಬಕೆಟ್ಟಿಗೆ ಬೀಳುವ ಪಿಚಕ್ ಸದ್ದು. ಅಜ್ಜಿ ಮಾತ್ರ ಉಳಿ ಹಾಕುವ ಮೊದಲು ಒಂದು ಸಿಂಪಿಯನ್ನು ಇನ್ನೊಂದಕ್ಕೆ ಬಡಿಯುತ್ತಾಳೆ, ಟಕ್, ಕಿವಿಗೊಡುತ್ತಾಳೆ, ಇಟ್ಟುಕೊಳ್ಳುತ್ತಾಳೆ ಅಥವಾ ಹಿಂದಕ್ಕೆ ಎಸೆಯುತ್ತಾಳೆ, ಯಾಕಜ್ಜಿ ಎಸೆದೆ, ಸತ್ತಿದೆ ಮಗಾ, ಜೀವ ಇರೋದು ಕಲ್ಲಿನ ಹಾಗೆ ಗಟ್ಟಿ ಸದ್ದು ಮಾಡುತ್ತೆ, ಸತ್ತದ್ದು ಖಾಲಿ ಡಬ್ಬಿ ಹಾಗೆ ಬಲು ಇಂಪಾಗಿ ಗಂಟೆ ಬಾರಿಸುತ್ತೆ, ಇಂಪಿಗೆ ಮೋಸಹೋಗ್ಬೇಡ. ಕಂಪನಿಯಲ್ಲಿ ಎಲ್ಲರೂ ಹೊಗಳುತ್ತಿದ್ದುದು ಅವಳ ದನಿಯ ಇಂಪನ್ನೇ. ಕಾಜಿತಾನಿಯವರ ಕ್ಷಮಿಸಿಯನ್ನು ಕೇಳಿಸ್ಕೊಳ್ಳಿ, ಗಂಟೆ ಬಾರಿಸಿದ ಹಾಗಿದೆ, ಎಂದು ಹಿಗಾಕಿ ಹೊಸಬರಿಗೆ ಅವಳ ಕರೆಗಳನ್ನು ರೆಕಾರ್ಡ್ ಮಾಡಿಟ್ಟು ಕೇಳಿಸುತ್ತಿದ್ದರು. ಟಕ್ ಟಕ್, ಯಂತ್ರ ಬಡಿಯುತ್ತಿದೆ, ಯಾರಿಗೆ ಯಾರನ್ನು ಬಡಿಯುತ್ತಿದೆ, ಗಟ್ಟಿಯಾಗಿ ಕೇಳಿಸಲಿ ದೇವರೇ, ಕಲ್ಲಿನ ಹಾಗೆ ಕೇಳಿಸಲಿ — ಅಲ್ಲ, ಕಲ್ಲಿನ ಹಾಗೆ ಕೇಳಿಸಿದರೆ ಕಾಯಿಲೆಯಿಲ್ಲ ಎಂದಾಗುತ್ತದೆ, ಹಾಗಾದರೆ ಟೊಳ್ಳಾಗಿ ಕೇಳಿಸಲಿ ಎಂದು ಬೇಡಬೇಕೇ, ತಾನು ಸತ್ತ ಸಿಂಪಿಯಾಗಿರಲಿ ಎಂದು ಯಾರಾದರೂ ಬೇಡುತ್ತಾರೆಯೇ. ಬೇಡುತ್ತಿದ್ದಾಳೆ. ಮೂರು ತಿಂಗಳಿಂದ ದಿನವೂ ಅದನ್ನೇ ಬೇಡುತ್ತಿದ್ದಾಳೆ, ಬೇಡಿದ್ದಕ್ಕೆ ನಾಚುತ್ತಿದ್ದಾಳೆ. ಅಜ್ಜಿ ಕತೆ ಹೇಳುತ್ತಿದ್ದಳು, ಉಳಿಯ ಕೈ ನಿಲ್ಲಿಸದೆಯೇ, ಬಹಳ ಹಿಂದೆ ಸಿಂಪಿಗೆ ಚಿಪ್ಪೇ ಇರಲಿಲ್ವಂತೆ, ನಾಲಗೆ ಹಾಗೆ ಮೆತ್ತಗೆ ನೀರಲ್ಲಿ ಓಡಾಡ್ಕೊಂಡಿತ್ತಂತೆ, ದಡದ ಮೇಲೊಬ್ಬ ಸೊಸೆ, ಬಾಯಿಗೆ ಬಂದ ಮಾತನ್ನೆಲ್ಲ ನುಂಗ್ಕೊಂಡು ನುಂಗ್ಕೊಂಡು ಹೊಟ್ಟೆ ಭಾರ ಆಗಿ, ಒಂದಿನ ಸಮುದ್ರದ ಹತ್ರ ಬಗ್ಗಿ ಎಲ್ಲಾ ಕಕ್ಕಿಬಿಟ್ಳಂತೆ, ನುಂಗಿದ ಮಾತು ನೀರಿಗೆ ಬಿದ್ದ ಕೂಡ್ಲೇ ಸುಣ್ಣ ಆಯ್ತಂತೆ, ಸಿಂಪಿ ಅದನ್ನೇ ಮೈಗೆ ಹಚ್ಕೊಂಡಿತಂತೆ. ಆ ಸೊಸೆ ಏನಾದ್ಳಜ್ಜಿ? ಹಗುರಾದ್ಳು ಮಗಾ, ಮನೆಗೆ ಹೋಗಿ ಉಂಡಳು. ಬೇರೆ ಅಜ್ಜಿಯರ ಕತೆಯಲ್ಲಿ ಸೊಸೆ ದೇವತೆಯಾಗುತ್ತಾಳೆ, ಕೊಕ್ಕರೆಯಾಗಿ ಹಾರಿಹೋಗುತ್ತಾಳೆ, ಇವಳದರಲ್ಲಿ ಮನೆಗೆ ಹೋಗಿ ಉಣ್ಣುತ್ತಾಳೆ. ಎಷ್ಟು ನಿಮಿಷವಾಯಿತೋ, ಕಿವಿಯಲ್ಲಿ ಹುಡುಗಿ ಇಲ್ಲ, ಅವಳು ನಿಜವಾಗಿಯೂ ಬಾಯಿ ಹೊಲಿದುಕೊಂಡು ಗಾಜಿನಾಚೆ ಕೂತಿದ್ದಾಳೆ, ಯಾರೋ ತನಗೋಸ್ಕರ ಕ್ಷಮೆ ಕೇಳದೆ ಕೂತಿದ್ದಾಳೆ ಎಂದುಕೊಂಡದ್ದೇ ಕಣ್ಣಿನಿಂದ ಬಿಸಿಯಾಗಿ ಒಂದು ಹನಿ ಕಿವಿಯ ಕಡೆಗೆ ಇಳಿಯಿತು, ಒರೆಸುವಂತಿಲ್ಲ, ಬಿಡು, ಇಳಿಯಲಿ. ತೋರುಬೆರಳು ಬಂತು. ಮಗಳು ತೋರುಬೆರಳನ್ನು ಬಿಡಿಸಿದಳು. ಆಗ ಹೇಳುತ್ತಿದ್ದ ಮಾತು — ಬೇಡ ಎಂದು ಈ ಸಲ ಅವಳು ಹೇಳಲಿಲ್ಲ, ಹೇಳುವ ಶಕ್ತಿ ಇರಲಿಲ್ಲ — ಕ್ಷಮಿಸಮ್ಮ, ಎನ್ನುತ್ತಿದ್ದಳು ಕೋಹರು, ಒಂದೊಂದು ಬೆರಳಿಗೂ, ಕ್ಷಮಿಸಮ್ಮ, ಕ್ಷಮಿಸಮ್ಮ. ಡಗಡಗ ನಿಂತಿತು. ಬಾಗಿಲು ತೆರೆದು ಇನೊಗುಚಿ ಒಳಗೆ ಬಂದು, ಈಗಲೂ ಏನೂ ಹೇಳದೆ, ಅವಳ ಮುಖದ ಮೇಲೆ ಬಗ್ಗಿ ಹೆಬ್ಬೆರಳೆತ್ತಿ ತೋರಿಸಿದಳು, ಚಿತ್ರ ಬಂದಿತ್ತು, ನಿರ್ಮಲವಾಗಿ ಬಂದಿತ್ತು. ಆಮೇಲೆ ಹಣೆಯ ಪಟ್ಟಿ ಕಿತ್ತಳು, ಕೀಳುವಾಗ ಕ್ಷಮಿಸಿ ಎಂದುಬಿಟ್ಟು ನಾಲಗೆ ಕಚ್ಚಿಕೊಂಡಳು.

ಎರಡೂವರೆಗೆ ಬನ್ನಿ ಎಂದರು, ಅಷ್ಟರಲ್ಲಿ ಲೆಕ್ಕಾಚಾರ ಮುಗಿದಿರುತ್ತದಂತೆ, ಕೇರಿಯ ಮನೆಮನೆಗೂ ಹೋಗಿ ಯಾರು ಯಾರಿಗೆ ಬಳಕೆ ಎಂದು ವಿಚಾರಿಸಿ ಬರಲು ಕಂಪ್ಯೂಟರಿಗೆ ಅಷ್ಟು ಹೊತ್ತು. ಆಸ್ಪತ್ರೆಯ ಉದ್ದನೆಯ ಪಡಸಾಲೆ, ಬೆಂಚು, ಬಟ್ಟೆಯ ಗಂಟು ಬಿಚ್ಚಿದರೆ ಎರಡು ಅನ್ನದ ಉಂಡೆ, ಮಗಳು ಕಟ್ಟಿದ್ದು, ಒಂದು ದೊಡ್ಡದು ಒಂದು ಚಿಕ್ಕದು, ತ್ರಿಕೋನವಾಗಬೇಕಿದ್ದವು, ಮೂಲೆಗಳು ಎತ್ತೆತ್ತಲೋ ಎದ್ದಿವೆ, ಶಾಲಾ ತಂಡದ ಪಂದ್ಯಕ್ಕೆ ಬೆಳಗಿನ ಅಭ್ಯಾಸ ಇರ್ತಿತ್ತಲ್ಲ ಹೋಗಲ್ವಾ ಎಂದು ಹೋದ ತಿಂಗಳು ನರುಮಿ ಕೇಳಿದ್ದಕ್ಕೆ, ಬಿಟ್ಟೆ, ಬೋರಾಗಿತ್ತು, ಎಂದಿದ್ದಳು, ಬೆನ್ನು ತಿರುಗಿಸಿ ಅಕ್ಕಿ ತೊಳೆಯುತ್ತ. ಬೋರಾಗಿರಲಿಲ್ಲ. ನಾಲ್ಕು ವರ್ಷದಿಂದ ರ‍್ಯಾಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಮಲಗುವ ಹುಡುಗಿ. ಉಪ್ಪು ಜಾಸ್ತಿಯಾಗಿದೆ, ತಿನ್ನು, ಅರ್ಧವಾದರೂ ತಿನ್ನು, ಬಾಯಲ್ಲಿ ಅನ್ನ ಮರಳಿನ ಹಾಗೆ, ನುಂಗು. ಎದುರಿನ ಬೆಂಚಿನ ಮುದುಕ ಅವಳ ಕಡೆ ನೋಡಿ, ಮಗಳು ಕಟ್ಟಿದ್ದಾ, ಎಂದ, ಹೇಗೆ ಗೊತ್ತಾಯ್ತು ಎಂದಳು, ಆಕಾರ ನೋಡಿದ್ರೆ ತಿಳಿಯಲ್ವೇ, ಹೆಂಡ್ತಿ ಕಟ್ಟಿದ್ರೆ ಮೂರು ಮೂಲೆ ಇರುತ್ತೆ, ಮಕ್ಕಳು ಕಟ್ಟಿದ್ರೆ ಐದು, ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅವಳು ನಗಬೇಕಿತ್ತು. ನಗು ಎಲ್ಲಿಂದಲೋ ಹೊರಟು ಅರ್ಧ ದಾರಿಯಲ್ಲಿ ಕೂತುಬಿಟ್ಟಿತು. ಮುದುಕ ನೊಂದುಕೊಂಡನೇನೋ ಎಂದು ಬಾಗಿದಳು, ಬಾಗಿದ ಮೇಲೆ ಎದ್ದು ಕೂರಲು ತುಂಬ ಹೊತ್ತು ಹಿಡಿಯಿತು.

ಡಾಕ್ಟರ್ ಸೆನೊ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಬೂದು ಬಣ್ಣದ ಮೆದುಳು, ಅದರೊಳಗೆ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಎಳೆದ ಗೆರೆಗಳು, ಕೆಲವು ಕೆಂಪು, ಕೆಲವು ನೀಲಿ, ಇದು ನಾನೇ, ಎಂದುಕೊಂಡಳು, ಏನೂ ಅನ್ನಿಸಲಿಲ್ಲ, ಅಪರಿಚಿತ ಊರಿನ ಬಸ್ಸಿನ ನಕ್ಷೆ. ಕೆಳಗೊಂದು ಅಡ್ಡಪಟ್ಟಿ, ಎಡಗಡೆ ಆರೋಗ್ಯ, ಬಲಗಡೆ ಖಿನ್ನತೆ, ನಡುವೆ ಒಂದು ಮುಳ್ಳು. ಮುಳ್ಳು ಬಲಕ್ಕೆ ವಾಲಿತ್ತು, ಒಂದು ಕೂದಲೆಳೆಯಷ್ಟು. ಈ ಕಡೆಗೇ ಇದೆ, ಎಂದರು ಡಾಕ್ಟರ್, ಆದ್ರೆ ಸ್ವಲ್ಪವೇ, ಸುಳ್ಳು ಹೇಳಲ್ಲ ನಿಮಗೆ, ಆರೋಗ್ಯವಾಗಿರೋ ಕೆಲವರ ಮುಳ್ಳೂ ಇಲ್ಲೇ ನಿಲ್ಲುತ್ತೆ, ಎದ್ದು ಕೂರೋಕೂ ಆಗದೇ ಇರೋರ ಮುಳ್ಳೂ ಇಲ್ಲೇ ನಿಲ್ಲುತ್ತೆ. ಕೂದಲೆಳೆ. ಮೂರು ತಿಂಗಳು ಬೇಡಿದ್ದಕ್ಕೆ ಕೂದಲೆಳೆ. ಗಂಡ ನಂಬುವಷ್ಟಲ್ಲ, ಕಂಪನಿಯ ಡಾಕ್ಟರು ನಗು ನಿಲ್ಲಿಸುವಷ್ಟಲ್ಲ. ಹಾಗಾದ್ರೆ ಸೋಮವಾರ, ಎಂದು ಅವಳು ಆರಂಭಿಸಿದಳು, ದನಿ ಇಂಪಾಗಿ ಬಂತು, ಗಂಟೆಯ ಹಾಗೆ, ಅದನ್ನು ಕೇಳಿಸಿಕೊಂಡು ತಾನೇ ನಿಲ್ಲಿಸಿದಳು. ಡಾಕ್ಟರ್ ಪರದೆಯನ್ನು ಆರಿಸಿಬಿಟ್ಟರು. ಕಾಜಿತಾನಿಯವ್ರೇ, ಶುಕ್ರವಾರದ ಪತ್ರ ನಾನು ಬರೆಯೋದು ಈ ಮುಳ್ಳು ನೋಡಿಯಲ್ಲ, ನೀವು ಹೇಳೋದನ್ನ ಕೇಳಿ, ಎಂಟು ಸಲ ಪರವಾಗಿಲ್ಲ ಅಂದಿದ್ದೀರಿ, ಪರವಾಗಿಲ್ಲ ಅಂತ ಪತ್ರ ಬರೆದ್ರೆ ಸೋಮವಾರ ನೀವು ಕೆಲಸಕ್ಕೆ ಹೋಗ್ಬೇಕು, ಬೆಳಗ್ಗೆ ಹೇಗಿರುತ್ತೆ ಅಂತ ಇನ್ನೊಂದು ಸಲ ಕೇಳ್ತೀನಿ, ಇದು ಶುರುವಾದ ದಿನದಿಂದ ಹೇಳಿ, ಹೊತ್ತಿದೆ, ನನಗೇನೂ ಅವಸರ ಇಲ್ಲ. ಪೆನ್ನನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದರು. ಹೊರಗೆ ಎಲ್ಲೋ ಟ್ರಾಮಿನ ಗಂಟೆ. ಪರವಾಗಿಲ್ಲ ಎನ್ನುವ ಮಾತು ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಅದಕ್ಕೆ ಬೆನ್ನು ಬಾಗಬೇಕು, ಬೆನ್ನು ಬಾಗಲಿಲ್ಲ, ಹಣೆಯ ಮೇಲೆ ಈಗ ಪಟ್ಟಿಯಿಲ್ಲ, ಆದರೂ ಚರ್ಮ ಎಳೆದುಕೊಂಡೇ ಇದೆ. ಸಟ್ಟುಗ, ಎಂದಳು. ಅನ್ನದ ಸಟ್ಟುಗ, ಕೈಯಲ್ಲಿತ್ತು, ಮೂರು ತಿಂಗಳ ಹಿಂದೆ, ಬೆಳಗ್ಗೆ, ಡಬ್ಬಿಗೆ ಅನ್ನ ತುಂಬಬೇಕಿತ್ತು, ಆಮೇಲೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ, ನಿಂತೆ, ಎಷ್ಟು ಹೊತ್ತೋ, ಅನ್ನ ತಣ್ಣಗಾಯ್ತು, ಕೋಹರು ಬಂದ್ಳು, ಬಂದು — ಮಾತು ಸುಣ್ಣದ ಹಾಗೆ ಗಂಟಲಿಗೆ ಕಚ್ಚುತ್ತಿದೆ, ಕಿರುಬೆರಳು, ಉಂಗುರದ ಬೆರಳು, ಮಧ್ಯದ್ದು, ತೋರುಬೆರಳು, ಕ್ಷಮಿಸಮ್ಮ ಕ್ಷಮಿಸಮ್ಮ, ಕೊನೆಗೆ ಹೆಬ್ಬೆರಳು, ಸಟ್ಟುಗ ಕೈಬಿಟ್ಟು ಹೋಯಿತು, ಕೈ ಖಾಲಿಯಾದ ಕೂಡಲೇ — ನಾನು ಅವಳಿಗೆ ಬಾಗಿದೆ ಡಾಕ್ಟ್ರೇ, ನನ್ನ ಮಗಳಿಗೆ, ಸೊಂಟದವರೆಗೆ, ಆಫೀಸಿನ ದನಿಯಲ್ಲಿ ಹೇಳಿದೆ, ನಿಮಗೆ ಉಂಟಾದ ಅನಾನುಕೂಲಕ್ಕಾಗಿ ಹೃತ್ಪೂರ್ವಕವಾಗಿ ಕ್ಷಮೆ ಕೋರುತ್ತೇವೆ, ಅಂತ, ಅವಳು ಯಾರು ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ಅವಳು, ಆ ಮಗು, ಸಟ್ಟುಗವನ್ನು ಎದೆಗೆ ಹಿಡಿದುಕೊಂಡು, ಅವಳೂ ಬಾಗಿದಳು. ಅಡುಗೆಮನೆ. ಕುಕ್ಕರಿನ ಮುಚ್ಚಳ ತೆರೆದಿದೆ. ಇಬ್ಬರೂ ಬಾಗಿದ್ದಾರೆ, ತಾಯಿ ಮಗಳು, ಎದುರುಬದುರು, ತಲೆಗೂ ತಲೆಗೂ ಗೇಣಿನ ದೂರ, ಮೊದಲು ಯಾರು ಏಳಬೇಕೆಂದು ಇಬ್ಬರಿಗೂ ತಿಳಿಯದೆ, ಬಾಗಿಯೇ ಇದ್ದಾರೆ, ಬಾಗಿಯೇ ಇದ್ದಾರೆ, ಯಾರೂ ಏಳುತ್ತಿಲ್ಲ.